ನೂರಾ ಮೂವತ್ತೇಳು ಮಣಿಯ ಹೈಡ್ರೋಮೀಟರ್

ಇದನ್ನು ನೀವು ನಂಬುವುದಿಲ್ಲ. ನಂಬಬೇಡಿ, ನನಗೇನೂ ನಷ್ಟವಿಲ್ಲ. ಸಾಂದ್ರತೆಯ ಲ್ಯಾಬಿನಲ್ಲಿ ನನಗೆ ಸಿ ಗ್ರೇಡ್ ಕೊಟ್ಟು, ನಿಮ್ಮ ಮಗಳಿಗೆ ಫಿಸಿಕ್ಸ್‌ಗಿಂತ ನಾಟಕ ಚೆನ್ನಾಗಿ ಬರುತ್ತದೆ ಎಂದು ಮನೆಗೆ ಈಮೇಲ್ ಕಳಿಸಿದ ಮೇಷ್ಟ್ರು ಕೂಡ ನಂಬುವುದಿಲ್ಲ. ಆದರೆ ಕಾಪೆಲ್‌ನ ನಮ್ಮ ಅಡುಗೆಮನೆಯಲ್ಲಿ ಹದಿನೈದು ವರ್ಷ ಹನ್ನೊಂದು ತಿಂಗಳ ನಾನು ಅಜ್ಜಿಯ ಹೋಮಿಯೋಪತಿ ಡಬ್ಬಿ, ಒಂದು ಪೆನ್ನಿನ ರೀಫಿಲ್ಲು ಮತ್ತು ನೂರಾ ಮೂವತ್ತೇಳು ಕರಿಮಣಿ ಸೇರಿಸಿ ಬಿಯರ್ ಅಳೆಯುವ ಹೈಡ್ರೋಮೀಟರ್ ಮಾಡಿದೆ. ಅದು ಕೆಲಸವನ್ನೂ ಮಾಡಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಕೊನೆಯಲ್ಲಿ ಆದದ್ದನ್ನು ಕೇಳಿದವರೆಲ್ಲ ಇದೊಂದನ್ನು ಮಾತ್ರ ಮರೆತುಬಿಡುತ್ತಾರೆ.

ಬಿಯರ್ ನನ್ನದಲ್ಲ, ಮಾಮನದು, ಅಂದರೆ ಅಮ್ಮನ ತಮ್ಮನದು. ನಾನು ಒಂದು ಹನಿಯನ್ನೂ ನಾಲಿಗೆಗೆ ಮುಟ್ಟಿಸಿಲ್ಲ. ಒದ್ದೆ ಸಾಕ್ಸಿನಲ್ಲಿ ಬ್ರೆಡ್ಡು ಸುತ್ತಿಟ್ಟಂಥ ಆ ವಾಸನೆಗೆ ಯಾರಾದರೂ ಆಸೆ ಪಡುತ್ತಾರೆಂದರೆ ಅದು ಅವರ ಹಣೆಬರಹ.

ಆಸ್ಟಿನ್‌ನಲ್ಲಿ ಮಾಮನ ಅಪಾರ್ಟ್‌ಮೆಂಟಿನ ಲೀಸು ಮುಗಿದಿತ್ತು. ಜಾರ್ಜ್‌ಟೌನ್‌ನಲ್ಲಿ ಕಟ್ಟಿಸುತ್ತಿದ್ದ ಮನೆಗೆ ಇನ್ನೂ ಬಾಗಿಲೇ ಕೂರಿಸಿರಲಿಲ್ಲ. ಅಷ್ಟರಲ್ಲಿ ಆಫೀಸಿನವರು ಒಂದು ತಿಂಗಳು ಹ್ಯೂಸ್ಟನ್‌ಗೆ ಹೋಗು ಅಂದರು. ಹಾಗಾಗಿ ಅವನ ಸಾಮಾನೆಲ್ಲ ನಮ್ಮ ಗರಾಜಿಗೆ ಬಂತು. ಒಂದು ದೊಡ್ಡ ಬಿಳಿ ಬಕೆಟ್ಟು ಮಾತ್ರ ಆಗಸ್ಟ್ ತಿಂಗಳ ಗರಾಜಿನ ಸೆಕೆ ತಡೆಯುವುದಿಲ್ಲವೆಂದು ಮೆಟ್ಟಿಲ ಕೆಳಗೆ ಕೋಟು ನೇತುಹಾಕುವ ಕ್ಲಾಸೆಟ್ಟಿಗೆ, ಎಸಿ ತಂಪಿಗೆ ಹೋಯಿತು. ಆಸ್ಟಿನ್‌ನಿಂದ ಅದು ಮುಂದಿನ ಸೀಟಿನಲ್ಲಿ ಸೀಟ್‌ಬೆಲ್ಟ್ ಹಾಕಿಕೊಂಡು ಬಂದಿತ್ತು. ಸಾಮಾನು ಹೊರಲು ಜೊತೆಗೆ ಹೋಗಿದ್ದ ನಾನು ಹಿಂದೆ ಕುಕ್ಕರಿನ ಪಕ್ಕ ಕೂತು ಬಂದೆ.

"ಅದೇನೋ ಅದು?" ಎಂದು ಅಮ್ಮ ಕೇಳಿದಳು.

"ಆಪಲ್ ಸೈಡರ್ ವಿನೆಗರ್ ಅಕ್ಕ. ಮನೇಲೇ ಮಾಡ್ತಿದೀನಿ. ಹೊಟ್ಟೆ ಕರಗತ್ತೆ."

ಅಮ್ಮನ ಮುಖ ಅರಳಿತು. "ನಂಗೂ ಎರಡು ಬಾಟಲ್ ಎತ್ತಿಡು."

ಮಾಮ ನನ್ನನ್ನು ಗರಾಜಿಗೆ ಕರೆದು ಡೀಲ್ ಹೇಳಿದ. ಹೊಸ ಮನೆಯ ಗೃಹಪ್ರವೇಶ ಮುಗಿದ ಮೇಲೆ ಸ್ನೇಹಿತರಿಗೆ ಈ ಬಿಯರ್. ಬಕೆಟ್ಟಿನಲ್ಲಿರುವ ಸಕ್ಕರೆಯನ್ನು ಯೀಸ್ಟ್ ತಿಂದು ಮುಗಿಸಿದ ಮೇಲೇ ಬಾಟಲಿಗೆ ತುಂಬಬೇಕು. ಮುಗಿಯುವ ಮೊದಲೇ ತುಂಬಿದರೆ ಬಾಟಲಿ ಒಳಗಿನಿಂದ ಉಬ್ಬಿ ಸಿಡಿಯುತ್ತದೆ. ಮುಗಿಯಿತೋ ಇಲ್ಲವೋ ಹೇಳುವುದು ಹೈಡ್ರೋಮೀಟರ್ ಎಂಬ ತೆಳ್ಳನೆಯ ಗಾಜಿನ ಕಡ್ಡಿ. ಸಿಹಿ ಜಾಸ್ತಿ ಇದ್ದರೆ ಎತ್ತರಕ್ಕೆ ತೇಲುತ್ತದೆ, ಸಿಹಿ ಕಡಿಮೆಯಾದಂತೆ ಕೆಳಗಿಳಿಯುತ್ತದೆ. ಶುರುವಿನಲ್ಲಿ ಐವತ್ತು ತೋರಿಸಿತ್ತಂತೆ, ಹದಿನಾಲ್ಕರ ಹತ್ತಿರ ನಿಲ್ಲಬೇಕಂತೆ. ಮೂರು ದಿನದ ಅಂತರದಲ್ಲಿ ಎರಡು ಸಲ ಅಳೆದು, ಎರಡೂ ಸಲ ಒಂದೇ ನಂಬರ್ ಬಂದರೆ ಮುಗಿದಂತೆ.

"ಎರಡು ನಂಬರ್ ಕರೆಕ್ಟಾಗಿ ಕೊಡು, ಈ ಕಾರು ನಿಂದು," ಎಂದು ಮಾಮ ತನ್ನ ಹಳೇ ಬೂದು ಕಾರಿನ ಒಂದು ಕೀಯನ್ನು ನನ್ನ ಅಂಗೈಯಲ್ಲಿಟ್ಟ. ತಾನು ಹೊಸದು ತೊಗೊಂಡಿದ್ದ. "ಆದ್ರೆ ಆ ಗಾಜು ಒಡೆದ್ಯೋ, ಡೀಲ್ ಕ್ಯಾನ್ಸಲ್. ಗಾಜಿನ ಕಡ್ಡೀನೇ ಜೋಪಾನ ಮಾಡಕ್ಕಾಗದೋಳಿಗೆ ಕಾರು ಯಾರು ಕೊಡ್ತಾರೆ?"

ಕಾಪೆಲ್‌ನಲ್ಲಿ ಕಾರಿಲ್ಲದ ಹದಿನಾರು ವರ್ಷದವಳು ಮನುಷ್ಯಳಲ್ಲ, ಲಗೇಜು. ಒಬ್ಬರು ಎತ್ತಿಕೊಂಡು ಹೋಗಬೇಕು, ಇನ್ನೊಬ್ಬರು ಇಳಿಸಬೇಕು. ಮುಂದಿನ ತಿಂಗಳು ನನಗೆ ಹದಿನಾರು ತುಂಬುವುದಿತ್ತು, ಇಲ್ಲಿ ಲೈಸೆನ್ಸ್ ಸಿಗುವ ವಯಸ್ಸು. ಆ ಕೀಯನ್ನು ಕುತ್ತಿಗೆಗೆ ದಾರ ಕಟ್ಟಿ ಹಾಕಿಕೊಂಡೇ ಮಲಗಿದೆ.

ಭಾನುವಾರ ಗಾಜು ಒಡೆಯಿತು.

ನಾನು ಒಡೆದೆ ಅನ್ನಬೇಡಿ. ಗೆಳತಿಗೆ ವಿಡಿಯೋ ಕಾಲ್‌ನಲ್ಲಿ ಅದನ್ನು ಬೆರಳ ತುದಿಯಲ್ಲಿ ನಿಲ್ಲಿಸಿ ತೋರಿಸುತ್ತಿದ್ದೆ. ನಾಲ್ಕು ನಿಮಿಷ ನಿಂತಿತು. ಸರಿ, ನಾಲ್ಕು ಸೆಕೆಂಡು. ಕೆಳಗೆ ಬಿದ್ದು ಹತ್ತು ಸಾವಿರ ಚೂರಾಯಿತು. ಅಳೆಯಲು ಬಿಯರ್ ಹಿಡಿಯುವ ಪ್ಲಾಸ್ಟಿಕ್ ಕೊಳವೆ ಮಾತ್ರ ಉಳಿಯಿತು.

ಹೊಸದು ತರಿಸೋಣವೆಂದರೆ ಆನ್‌ಲೈನ್ ಆರ್ಡರ್ ಎಲ್ಲ ಅಮ್ಮನ ಫೋನಿನಲ್ಲಿ ಟಿಂಗ್ ಅನ್ನುತ್ತದೆ. ಅಂಗಡಿಗೇ ಹೋಗೋಣವೆಂದರೆ ಮೂವತ್ತು ಮೈಲಿ. ಕಾರು ಸಿಗಬೇಕಾದರೆ ಹೈಡ್ರೋಮೀಟರ್ ಬೇಕು, ಹೈಡ್ರೋಮೀಟರ್ ತರಬೇಕಾದರೆ ಕಾರು ಬೇಕು. ಬೇರೆಯವರಾಗಿದ್ದರೆ ಹ್ಯೂಸ್ಟನ್‌ಗೆ ಫೋನ್ ಮಾಡಿ ಅತ್ತು ಸಾರಿ ಕೇಳುತ್ತಿದ್ದರು. ನಾನು ಕೇಳಲಿಲ್ಲ. ಮನುಷ್ಯರು ಮಾಡಿದ ವಸ್ತು ತಾನೇ ಅದು? ನಾನೂ ಮನುಷ್ಯಳೇ, ಕಾರಿಲ್ಲದಿದ್ದರೂ.

ಮೊದಲ ಪ್ರಯತ್ನ ಮಿಲ್ಕ್‌ಶೇಕಿನ ಸ್ಟ್ರಾ. ತಳಕ್ಕೆ ಚ್ಯೂಯಿಂಗ್ ಗಮ್ ಮೆತ್ತಿ, ಒಳಗೆ ಸಾಸಿವೆ ತುಂಬಿದೆ. ಅದು ನೀರಿನಲ್ಲಿ ಮಲಗಿಕೊಂಡಿತು. ಸಾಸಿವೆ ತೆಗೆದು ಮರಳು ಹಾಕಿದೆ, ಎದ್ದು ನಿಂತಿತು. ಆದರೆ ಬರೀ ನೀರಿಗೂ ಸಕ್ಕರೆ ನೀರಿಗೂ ನಡುವೆ ಅದು ಏರಿದ್ದು ಒಂದು ಅಕ್ಕಿಕಾಳಿನಷ್ಟು. ಅಷ್ಟರಲ್ಲಿ ಐವತ್ತು ಗೆರೆ ಎಳೆಯಬೇಕೆಂದರೆ ಇರುವೆಯನ್ನು ಕೆಲಸಕ್ಕಿಟ್ಟುಕೊಳ್ಳಬೇಕು.

ಮಂಗಳವಾರ ನಾನು ಸಿಂಕಿನ ಮುಂದೆ ನಿಂತು ಆ ಸ್ಟ್ರಾಗೆ ಬೈಯುತ್ತಿದ್ದಾಗ ಅಜ್ಜಿ ವಡೆಗೆ ಹಿಟ್ಟು ರುಬ್ಬುತ್ತಿದ್ದಳು. ಅಮ್ಮನ ಅಮ್ಮ, ಮೈಸೂರಿನಿಂದ ಆರು ತಿಂಗಳಿಗೆ ಬಂದವಳು. ಅವಳು ಬಂದ ಮೇಲೇ ನನ್ನ ಕನ್ನಡ ಮನುಷ್ಯರು ಕೇಳುವ ಹಾಗಾದದ್ದು.

"ಏನೇ ಅದು?"

"ಸ್ಕೂಲ್ ಪ್ರಾಜೆಕ್ಟ್ ಅಜ್ಜಿ. ತೇಲೋದು ಮಾಡ್ಬೇಕು."

"ತೇಲಕ್ಕೆ ಹೊಟ್ಟೆ ಬೇಡ್ವೇನೇ?" ಎಂದು ಅಜ್ಜಿ ಒಂದು ಚೂರು ಹಿಟ್ಟನ್ನು ನೀರಿನ ಬಟ್ಟಲಿಗೆ ಬಿಟ್ಟಳು. ಉಂಡೆ ಮೇಲೆ ಬಂದು ಬೆಳ್ಳಗೆ ಕೂತಿತು. "ನೋಡು, ಗಾಳಿ ತುಂಬ್ಕೊಂಡು ದುಂಡಗಿದೆ, ತೇಲ್ತು. ಹಿಟ್ಟು ಹದವಾಯ್ತು ಅಂತ. ನಿಂದು ಬರೀ ಕಡ್ಡಿ. ಅನ್ನ ಕಾಣ್ದಿರೋ ಹಾಗಿದೆ."

ನಾನು ಅಜ್ಜಿಗೆ ಮುತ್ತು ಕೊಟ್ಟು ಅವಳ ಕೋಣೆಗೆ ಓಡಿದೆ. ಹೊಟ್ಟೆ ದಪ್ಪ, ಕುತ್ತಿಗೆ ಸಣ್ಣ. ಅಷ್ಟೇ ಗುಟ್ಟು! ಕಿಟಕಿಯ ಹತ್ತಿರ ಅವಳ ಮಂಡಿನೋವಿನ ಹೋಮಿಯೋಪತಿ ಡಬ್ಬಿಗಳ ಸಾಲು. ಹೆಬ್ಬೆರಳಿನಷ್ಟು ದಪ್ಪದ ಒಂದು ಪ್ಲಾಸ್ಟಿಕ್ ಡಬ್ಬಿಯ ಗುಳಿಗೆಗಳನ್ನು ಇನ್ನೊಂದಕ್ಕೆ ಸುರಿದೆ. ಮುಚ್ಚಳಕ್ಕೆ ಬಿಸಿ ಸೂಜಿಯಿಂದ ತೂತು ಮಾಡಿ, ಇಂಕು ತೊಳೆದ ರೀಫಿಲ್ ಸಿಕ್ಕಿಸಿ, ಸುತ್ತ ಅಮ್ಮನ ನೇಲ್ ಪಾಲಿಶ್ ಬಳಿದೆ. ಕೆಂಪು ಬಣ್ಣ. ಬಳಿಯಬೇಕಾದರೆ ಚೆನ್ನಾಗಿರೋದನ್ನೇ ಬಳಿಯಬೇಕು.

ಇನ್ನು ತಳಕ್ಕೆ ಭಾರ. ಮರಳು ಉದುರುತ್ತದೆ, ಅಕ್ಕಿ ಹಗುರ. ಅಜ್ಜಿಯ ಮಂಚದ ಮೇಲೆ ಒಂದು ಪ್ಯಾಕೆಟ್ಟಿನಲ್ಲಿ ಕರಿಮಣಿ ಇತ್ತು. ಮಾಂಗಲ್ಯದ ಸರಕ್ಕೆ ಪೋಣಿಸುವ ಪುಟ್ಟ ಕಪ್ಪು ಗಾಜಿನ ಮಣಿಗಳು, ಮೈಸೂರಿನಿಂದ ತಂದದ್ದು. ಪ್ಯಾಕೆಟ್ಟಿನಲ್ಲಿ ಲಕ್ಷಾಂತರ ಇದ್ದವು. ಹೋಗಲಿ, ಐನೂರು. ಅಜ್ಜಿ ಮಧ್ಯಾಹ್ನ ಮಲಗಿದ್ದಾಗ ಒಂದು ಹಿಡಿ ತೆಗೆದೆ. ಡಬ್ಬಿಗೆ ಒಂದೊಂದೇ ಹಾಕಿ ನೀರಿಗೆ ಬಿಡುತ್ತಾ ಹೋದೆ. ನೂರಾ ಮೂವತ್ತಾರಕ್ಕೆ ಅದು ಕುಡಿದವರ ಹಾಗೆ ವಾಲುತ್ತಿತ್ತು. ನೂರಾ ಮೂವತ್ತೆಂಟಕ್ಕೆ ಮುಳುಗಿತು. ನೂರಾ ಮೂವತ್ತೇಳಕ್ಕೆ, ರೀಫಿಲ್ಲಿನ ತುದಿ ಮಾತ್ರ ಹೊರಗಿಟ್ಟು, ಬೆಳಗಿನ ಪ್ರಾರ್ಥನೆಗೆ ನಿಂತವರಂತೆ ನೆಟ್ಟಗೆ ನಿಂತಿತು.

ಬರೀ ನೀರಿನ ಆ ಮಟ್ಟಕ್ಕೆ ಸೊನ್ನೆಯ ಗೆರೆ. ಆಮೇಲೆ ಅಮ್ಮ ಡಯಟ್ಟಿಗೆಂದು ತಂದಿದ್ದ ತಕ್ಕಡಿಯಲ್ಲಿ ಇಪ್ಪತ್ತು ಗ್ರಾಂ ಸಕ್ಕರೆ, ನೂರಾ ಎಂಬತ್ತು ಗ್ರಾಂ ನೀರು ತೂಗಿ ಕಲಸಿದೆ. ಅದು ನಲವತ್ತರ ಗೆರೆ ಎಂದು ಇಂಟರ್‌ನೆಟ್ ಹೇಳಿತ್ತು. ಫೋನಿನಲ್ಲಿ ಅದನ್ನು ಇನ್ನೊಮ್ಮೆ ನೋಡಿ ತಿರುಗುವಷ್ಟರಲ್ಲಿ ಲೋಟ ಅಜ್ಜಿಯ ಕೈಯಲ್ಲಿತ್ತು. ನಿಂಬೆಹಣ್ಣು ಹಿಂಡಿ, ಏಲಕ್ಕಿ ಹಾಕಿ, ಚಿಟಿಕೆ ಉಪ್ಪು ಬೆರೆಸಿ ಅರ್ಧ ಕುಡಿದಿದ್ದಳು.

"ಅಜ್ಜೀ! ಅದು ನನ್ನ ಸೈನ್ಸು!"

"ಬರೀ ಸಕ್ಕರೆ ನೀರು ಯಾರಾದ್ರೂ ಹಾಗೇ ಇಡ್ತಾರೇನೇ? ಸಪ್ಪೆ ಸೈನ್ಸು. ಈಗ ನೋಡು, ಪಾನಕ ಆಯ್ತು."

ಇನ್ನೊಮ್ಮೆ ಕಲಸಿದೆ. ಈ ಸಲ ಲೋಟದ ಮೇಲೆ ಕೈಯಿಟ್ಟುಕೊಂಡು ಕಾದೆ. ತೇಲುಗಡ್ಡಿ ಬೆರಳುದ್ದಕ್ಕಿಂತ ಸ್ವಲ್ಪ ಕಡಿಮೆ ಏರಿ ನಿಂತಿತು. ಸ್ಟ್ರಾದ ಅಕ್ಕಿಕಾಳು ಎಲ್ಲಿ, ಇದು ಎಲ್ಲಿ! ನಡುವೆ ಗೆರೆಗಳನ್ನು ಎಳೆದೆ. ಬುಧವಾರ ಕ್ಲಾಸೆಟ್ಟಿಗೆ ನುಗ್ಗಿ ಬಕೆಟ್ಟಿನ ನಲ್ಲಿಯಿಂದ ಕೊಳವೆಗೆ ಬಿಯರ್ ಹಿಡಿದು, ಗುಳ್ಳೆ ಹೋಗುವ ತನಕ ಕಾದು, ನನ್ನ ಯಂತ್ರವನ್ನು ಇಳಿಬಿಟ್ಟೆ. ಹದಿನಾಲ್ಕು! ಮಾಮನ ಹದಿನಾಲ್ಕು! ಅಲ್ಲೇ, ಕೋಟುಗಳ ನಡುವೆ, ಆ ಮೇಷ್ಟ್ರಿಗೆ ಐದು ನಿಮಿಷ ಭಾಷಣ ಮಾಡಿದೆ. ಕೋಟುಗಳು ತಲೆ ತಗ್ಗಿಸಿ ಕೇಳಿಸಿಕೊಂಡವು.

ಗುರುವಾರ ಅಜ್ಜಿ ಮಂಚದ ಮೇಲೆ ಕೂತು ಪ್ಯಾಕೆಟ್ಟನ್ನು ತಲೆಕೆಳಗು ಮಾಡಿ ಒದರುತ್ತಿದ್ದಳು. "ಮಣಿ ಸಾಲ್ತಿಲ್ಲ ಕಣೇ. ನಿಮ್ಮಮ್ಮನ ಸರಕ್ಕೆ ಅಂತ ಅಂಗಡೀಲಿ ಎಣಿಸಿ ತಂದಿದ್ದೆ. ಶನಿವಾರ ಹಾಕ್ಕೊಂಡು ಹೋಗ್ಬೇಕಂತೆ ಪಾಪ."

ವರಮಹಾಲಕ್ಷ್ಮಿ ಶುಕ್ರವಾರ. ಆದರೆ ನಮ್ಮಲ್ಲಿ ಶುಕ್ರವಾರದ ಹಬ್ಬ ಆಫೀಸು ಮುಗಿಸಿ ಶನಿವಾರ ಬರುತ್ತದೆ. ಪ್ರಾಸ್ಪರ್ ಎಂಬ ಊರಿನಲ್ಲಿ ಅಮ್ಮನ ಗೆಳತಿಯ ಮನೆಯಲ್ಲಿ ಅರಿಸಿನ ಕುಂಕುಮ ಇತ್ತು. ಸಾಲದ ನೂರಾ ಮೂವತ್ತೇಳು ಮಣಿ ನನ್ನ ಡಬ್ಬಿಯಲ್ಲಿದ್ದವು. ಈಗ ಡಬ್ಬಿ ಬಿಚ್ಚಿದರೆ ಶನಿವಾರದ ಅಳತೆ ಇಲ್ಲ. ಅಳತೆ ಇಲ್ಲದಿದ್ದರೆ ಕಾರಿಲ್ಲ.

"ಏರ್‌ಪೋರ್ಟಲ್ಲಿ ಚೆಲ್ಲಿರತ್ತೆ ಅಜ್ಜಿ. ಬ್ಯಾಗ್ ಚೆಕ್ ಮಾಡ್ತಾರಲ್ಲ, ಅಲ್ಲಿ."

ಅಜ್ಜಿ ಖಾಲಿ ಪ್ಯಾಕೆಟ್ಟನ್ನು ಮಡಿಸಿಟ್ಟಳು. "ಇರಬಹುದು. ನಿನ್ನ ಸೈನ್ಸಿಗೆ ಯಾಕೋ ಹುಳಿ ಬಂದ ದೋಸೆ ಹಿಟ್ಟಿನ ವಾಸನೆ ಬರ್ತಿದೆ," ಎಂದಷ್ಟೇ ಹೇಳಿ ದಾರಕ್ಕೆ ಗಂಟು ಹಾಕಿದಳು.

ಶನಿವಾರ ಮೂರು ಗಂಟೆಗೆ ಅಮ್ಮ ಮೇಲೆ ಸೀರೆ ಉಡುತ್ತಿದ್ದಳು. ಅಪ್ಪ ಕಾರಿಗೆ ಪೆಟ್ರೋಲ್ ಹಾಕಿಸಲು ಹೋಗಿದ್ದ. ನಾನು ಅಡುಗೆಮನೆಯ ಕೌಂಟರಿನ ಮೇಲೆ ಕೊಳವೆ ಇಟ್ಟು ಬಿಯರ್ ತುಂಬಿದೆ. ಅಜ್ಜಿ ಪಕ್ಕದಲ್ಲಿ ನಿಂತು ಫೋನಿನ ಟಾರ್ಚು ಹಿಡಿದಳು. ಯಾಕೆ ಹಿಡಿದಳೋ ಆಗ ನನಗೆ ಹೊಳೆಯಲಿಲ್ಲ. ಇನ್ನೊಂದು ಫೋನಿನ ಸ್ಪೀಕರ್‌ನಲ್ಲಿ ಹ್ಯೂಸ್ಟನ್‌ನಿಂದ ಮಾಮ.

"ಪುಟ್ಟಿ, ನಂಬರ್ ಹೇಳು. ಹದಿನಾಲ್ಕು ಅಂದ್ರೆ ಈಗ್ಲೇ ಹೊರಟೆ, ರಾತ್ರಿ ಬಾಟಲ್ ತುಂಬೋಣ. ಮೀಟರ್ ಜೋಪಾನ ತಾನೇ?"

"ನೋಡಿದ್ರೆ ನಿಂಗೇ ಗುರುತು ಸಿಗಲ್ಲ ಮಾಮ, ಅಷ್ಟು ಚೆನ್ನಾಗಿ ಇಟ್ಕೊಂಡಿದೀನಿ."

ತೇಲುಗಡ್ಡಿ ಮೇಲೆ ಕೆಳಗೆ ಕುಣಿದು, ನಿಧಾನವಾಗಿ, ಹೊಸ ಡ್ರೈವರು ಪಾರ್ಕಿಂಗ್ ಮಾಡುವ ಹಾಗೆ, ಹದಿನಾಲ್ಕರ ಗೆರೆಗೆ ಬಂದು ನಿಂತಿತು.

"ಹದಿನಾಲ್ಕು!" ಎಂದು ಕಿರುಚಿದೆ. "ಅದೇ ನಂಬರ್! ನಿನ್ನ ಬಿಯರ್ ರೆಡಿ ಮಾಮ! ಕಾರು ನಂದು!"

"ಅಮ್ಮಾ, ಈ ಸರ ಯಾಕೋ ಗಿಡ್ಡ ಆಯ್ತಲ್ಲ," ಎನ್ನುತ್ತಾ ಅಮ್ಮ ಒಳಗೆ ಬಂದಳು.

ಹಸಿರು ರೇಷ್ಮೆ ಸೀರೆ. ಕುತ್ತಿಗೆಯಲ್ಲಿ ಹೊಸ ಕರಿಮಣಿ ಸರ, ಗಂಟಲಿಗೆ ಅಂಟಿಕೊಂಡಂತೆ ಕೂತಿತ್ತು. ಒಂದು ಬೆರಳನ್ನು ಅದರೊಳಗೆ ತೂರಿಸಿ ಎಳೆಯುತ್ತಾ ಬಂದವಳ ಕೈ ಹಾಗೇ ನಿಂತಿತು. ಕೊಳವೆ ನೋಡಿದಳು. ಬಗ್ಗಿ ಮೂಸಿದಳು. ಪಾರದರ್ಶಕ ಡಬ್ಬಿಯ ತಳದಲ್ಲಿ ಮಣಿಗಳು ಮಿರಮಿರ ಮಿಂಚಿದವು. ಅಜ್ಜಿ ಟಾರ್ಚನ್ನು ಇನ್ನೂ ಅಲ್ಲಿಗೇ ಹಿಡಿದಿದ್ದಳು.

"ಓ," ಅಂದಳು ಅಜ್ಜಿ, "ಏರ್‌ಪೋರ್ಟಲ್ಲಿ ಚೆಲ್ಲಿದ್ದು ಇಲ್ಲಿ ಬಂದ್ಬಿಟ್ಟಿದೆ."

"ಅಕ್ಕಾ," ಎಂದಿತು ಫೋನು, "ಇಲ್ಲಿ ಸಿಗ್ನಲ್ ಸರಿಯಿಲ್ಲ." ಕಾಲ್ ಕಟ್ ಆಯಿತು.

"ನನ್ನ ಕರಿಮಣಿ," ಅಂದಳು ಅಮ್ಮ. ಅವಳ ದನಿ ಏರಲಿಲ್ಲ, ಅದೇ ಹೆದರಿಕೆ. "ನನ್ನ ಮಾಂಗಲ್ಯದ ಮಣಿ. ಬಿಯರಲ್ಲಿ."

"ಡಬ್ಬಿ ಒಳಗಿದೆ ಅಮ್ಮ, ಒಂದು ಮಣೀನೂ ಒದ್ದೆ ಆಗಿಲ್ಲ. ಸೀಲ್ ಮಾಡಿದೀನಿ."

"ನನ್ನ ನೇಲ್ ಪಾಲಿಶಲ್ಲಿ."

ಇಲ್ಲಿ ಬೇರೆಯವರು ಅಳುತ್ತಿದ್ದರು. ನಾನು ಗಲ್ಲ ಎತ್ತಿ ನಿಂತೆ. "ಮಾಮನ ಗಾಜಿಂದು ಒಡೀತು, ನಾನು ಮಾಡಿದೆ. ಎರಡು ಸಲಾನೂ ಹದಿನಾಲ್ಕು ಬಂತು. ಬೇಕಾದ್ರೆ ನೀನೇ ನೋಡು."

ಅಮ್ಮ ನೋಡಿದಳು. ಇಪ್ಪತ್ತು ವರ್ಷದಿಂದ ಬೇರೆಯವರ ಸಾಫ್ಟ್‌ವೇರ್ ಕೋಡಿನಲ್ಲಿ ತಪ್ಪು ಹುಡುಕುವವಳು ಅವಳು. ಸೆರಗು ಒಟ್ಟುಮಾಡಿ, ಬಗ್ಗಿ, ಗೆರೆಗಳ ಮಟ್ಟಕ್ಕೆ ಕಣ್ಣಿಟ್ಟಳು.

"ಈ ಮಾರ್ಕೆಲ್ಲ ಯಾರು ಹಾಕಿದ್ದು?"

"ನಾನೇ. ಸಕ್ಕರೆ ನೀರಲ್ಲಿ. ತೂಕ ಮಾಡಿ."

"ಹೂಂ. ಚೆನ್ನಾಗಿದೆ."

ಆಮೇಲೆ ನೆಟ್ಟಗಾಗಿ ಕೊಳವೆಯನ್ನು ಎತ್ತಿ, ಬಿಯರನ್ನು ಸಿಂಕಿಗೆ ಸುರಿಯಲು ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯನ್ನು ನನ್ನ ಮುಂದೆ ಚಾಚಿದಳು.

"ಬಕೆಟ್ ಆಮೇಲೆ. ಮೊದಲು ಕೀ ಕೊಡು."

ಕುತ್ತಿಗೆಯಿಂದ ದಾರ ತೆಗೆದೆ. ಕೊಡುವ ಮುಂಚೆ, ಅವಳ ಕೈಯಲ್ಲಿದ್ದ ಕೊಳವೆಯನ್ನು ಇನ್ನೊಂದು ಸಲ ನೋಡಿದೆ. ಹದಿನಾಲ್ಕೇ.