ಮಂಜುಗಡ್ಡೆ ಮುಟ್ಟಬಾರದ ರಕ್ತ

ರಕ್ತಪರೀಕ್ಷೆಯೆಂದರೆ ಗುಂಪು ನೋಡಿ ಚೀಟಿ ಬರೆಯುವುದಷ್ಟೇ ಎಂದು ತಿಳಿದಿದ್ದ ನಮ್ಮ ಸೀಮೆಯಲ್ಲಿ, ಬಿಳಿಕಣಗಳೊಳಗೆ ದೇಹದ ಕಾವಲುಪಡೆಯನ್ನೂ ಹುಟ್ಟಿನಿಂದ ಬಂದ ವಂಶದ ಗುರುತುಗಳನ್ನೂ ಹುಡುಕಹೊರಟ ಮೊದಲಿಗರಲ್ಲಿ ಡಾ. ತಿಪ್ಪೇರುದ್ರಸ್ವಾಮಿಯವರು ಒಬ್ಬರು. ಜಗಳೂರಿನಲ್ಲಿ ಓದಿ, ಎಪ್ಪತ್ತರ ದಶಕದಲ್ಲಿ ಹೊನ್ನಾಳಿ, ನ್ಯಾಮತಿಗಳಲ್ಲಿ ಮಲೇರಿಯಾದ ಗಾಜುಪಟ್ಟಿ ನೋಡುತ್ತ ಕಣ್ಣು ಸವೆಸಿ, ಆಮೇಲೆ ದಾವಣಗೆರೆಯ ಪ್ರಯೋಗಾಲಯ ಸೇರಿದ ಈ ಮುಂಗೋಪಿ ಮೇಷ್ಟ್ರು ಈ ವರ್ಷ, ೧೯೮೯ರಲ್ಲಿ, ನಿವೃತ್ತರಾಗುತ್ತಿದ್ದಾರೆ. ಅವರಿಂದ ಬೈಸಿಕೊಳ್ಳದ ಶಿಷ್ಯನಿಲ್ಲ. ಬೈಸಿಕೊಂಡ ಮೇಲೆ ಅವರ ಮನೆಯ ರೊಟ್ಟಿ ಉಣ್ಣದವನೂ ಇಲ್ಲ.

ಕಳೆದ ವರ್ಷ, ಬೋರ್‌ವೆಲ್ ಲಾರಿಯಲ್ಲಿ ಊರೂರು ಅಲೆದಿದ್ದ ಸಂತೇಬೆನ್ನೂರು ಕಡೆಯ ಜಯಪ್ಪನಿಗೆ (ಹೆಸರುಗಳನ್ನು ಬದಲಿಸಿದೆ) ಎಚ್‌ಐವಿ ಸೋಂಕಿರುವುದು ತಿಳಿಯಿತು. ಹೆಂಡತಿ ಚೌಡಮ್ಮನನ್ನು ಎಷ್ಟು ಸಲ ಪರೀಕ್ಷಿಸಿದರೂ ಸೋಂಕಿಲ್ಲ. ಇದು ಅದೃಷ್ಟವೋ, ಆಕೆಯ ರಕ್ತದಲ್ಲೇ ಏನಾದರೂ ತಡೆಯುವಂಥದ್ದು ಇದೆಯೋ? ಮೇಷ್ಟ್ರಿಗೆ ನಿದ್ದೆ ಹತ್ತದಾಯಿತು. ರೋಗದ ಹೆಸರು ಹೊರಬಿದ್ದರೆ ಊರಿನಲ್ಲಿ ಒಂದು ಕೊಡ ನೀರೂ ಹುಟ್ಟುವುದಿಲ್ಲವೆಂಬ ಭಯವನ್ನು ನುಂಗಿಕೊಂಡು ಆಕೆ ರಕ್ತ ಕೊಟ್ಟಳು.

ಎಡವಟ್ಟಾದದ್ದು ಆಮೇಲೆ. ಲಸಿಕೆ ಹೊತ್ತು ಪಳಗಿದ್ದ ಸಹಾಯಕ ಸಣ್ಣಪ್ಪ, ಆ ಕೊಳವೆಗಳನ್ನೂ ಭಕ್ತಿಯಿಂದ ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಪ್ರಯೋಗಾಲಯದ ಜೀಪಿನಲ್ಲಿ ತಂದ. ಈ ಪರೀಕ್ಷೆಗೆ ಬಿಳಿಕಣಗಳು ಜೀವಂತವಿರಬೇಕು, ಆ ಥಂಡಿಗೆ ಬಹುಪಾಲು ಸತ್ತಿದ್ದವು.

“ರಕ್ತ ಸಾಲಲಿಲ್ಲ ಅಂತ ಹೇಳಿ ಇನ್ನೊಂದ್ಸಲ ತರಾಣ ಸಾರ್” ಎಂದ ಸಣ್ಣಪ್ಪನ ಮೇಲೆ ಮೇಷ್ಟ್ರು ಕೆಂಡ ಕಾರಿದರು. ತಾವೇ ಹೋಗಿ, “ನಮ್ಮ ಕೈಯಾಗೆ ಕೆಟ್ಟೋತು ತಾಯಿ. ತಪ್ಪು ನಮ್ದು” ಎಂದರು.

ಚೌಡಮ್ಮ ಎದ್ದು ಓಣಿಯ ಕಡೆಯ ಬಾಗಿಲು ಮುಂದಕ್ಕೆ ಮಾಡಿದಳು. ಆಕೆ ಒಲ್ಲೆನೆಂದಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು.

“ನಿಮ್ಮ ಜೀಪು ಬಂದೋದಾಗಿಂದ ಓಣ್ಯಾಗೆ ಎಲ್ರೂ ಕೇಳ್ತಾರ್ರಿ. ರಕ್ತ ಕೊಡ್ತೀನಿ. ಜೀಪು ತರಬ್ಯಾಡ್ರಿ, ಆ ಡಬ್ಬೀನೂ ತರಬ್ಯಾಡ್ರಿ.”

ಮುಂದಿನ ಸಂತೆಯ ದಿನ, ಓಣಿಯ ಜನ ಸಂತೆಯಲ್ಲಿದ್ದಾಗ, ಮೇಷ್ಟ್ರು ಊಟದ ಕ್ಯಾರಿಯರ್ ಹಿಡಿದು ಹೋದರು. ಅರಳೆಯಲ್ಲಿ ಸುತ್ತಿದ ಕೊಳವೆಗಳನ್ನು ಅದರಲ್ಲಿಟ್ಟು, ಚನ್ನಗಿರಿಯಿಂದ ಬಂದ ದಾವಣಗೆರೆ ಬಸ್ಸು ಹತ್ತಿದರು. ಕಾಲಿಡಲೂ ಜಾಗವಿಲ್ಲ, ಬೇಸಿಗೆಯ ಬಿಸಿಲು ಬೇರೆ. ಕಂಡಕ್ಟರು ಕ್ಯಾರಿಯರ್‌ಗೆ ಕೈ ಹಾಕಿದ.

“ಬಾನೆಟ್ ಮ್ಯಾಲೆ ಇಡ್ರಿ ಯಜಮಾನ್ರೇ, ಬುತ್ತಿ ಬೆಚ್ಚಗಿರ್ತೈತೆ.”

ಎಂಜಿನ್ನಿನ ಕಾವು ತಾಗಿದರೆ ಕಣಗಳು ಮತ್ತೆ ಸಾಯುತ್ತವೆ; ಮುಚ್ಚಳ ಕಳಚಿ ರಕ್ತ ಕಂಡರೆ ಚೌಡಮ್ಮನ ಬಾಳೇ ಬೀದಿಗೆ. ಪಕ್ಕದಲ್ಲಿದ್ದವರು ಅವಳೂರಿನವರೇ, ಆಗಲೇ ಕತ್ತು ಚಾಚಿದ್ದರು.

“ಕೈ ತೆಗೀರಿ! ನನ್ನ ಹೆಂಡ್ತಿ ಕಟ್ಟಿದ ಬುತ್ತಿ, ನನ್ನ ತೊಡೆ ಮ್ಯಾಲೇ ಇರ್ತೈತೆ” ಎಂದು ಮೇಷ್ಟ್ರು ಗದರಿದರು. ಬಸ್ಸಿಗೆ ಬಸ್ಸೇ ನಕ್ಕಿತು. ಚೌಡಮ್ಮನಿಗೆ ಒಂದು ಸಣ್ಣ ಸುಳ್ಳನ್ನೂ ಹೇಳಲೊಪ್ಪದ ಮನುಷ್ಯ, ಅವಳಿಗಾಗಿ ಊರಿಗೆಲ್ಲ ಸುಳ್ಳು ಹೇಳಿ, ನಗೆಪಾಟಲಾಗಿ, ಕ್ಯಾರಿಯರ್ ತಬ್ಬಿಕೊಂಡು ಕೂತರು.

ಕಣಗಳು ಬದುಕಿದ್ದವು. ಜಯಪ್ಪನಲ್ಲಿ ಕ್ಷೀಣಿಸಿದ್ದ ಕಾವಲು ಕಣಗಳು ಆಕೆಯಲ್ಲಿ ಭರ್ತಿಯಾಗಿದ್ದವು, ವಂಶದ ಗುರುತುಗಳೂ ಸ್ಪಷ್ಟವಾದವು. ಆದರೆ ಒಬ್ಬಳ ರಕ್ತ ನೋಡಿ ತೀರ್ಮಾನ ಹೇಳಲು ವಿಜ್ಞಾನವೇನು ಕಣಿಯಲ್ಲ. ಅದನ್ನೂ ಹೇಳಲು ಅವರು ಮತ್ತೆ ಬಸ್ಸು ಹತ್ತಿದರು.

ಜಯಪ್ಪ ಈಗಿಲ್ಲ. ಚೌಡಮ್ಮ ಅದೇ ಓಣಿಯಲ್ಲಿ, ಅದೇ ಮನೆಯಲ್ಲಿ, ತಲೆಯೆತ್ತಿ ಬಾಳುತ್ತಿದ್ದಾಳೆ. ಗುರುಗಳಿಗೆ ಆಯುರಾರೋಗ್ಯ ಕೋರಿ ಶಿಷ್ಯರು ಹೊಸ ಮಾತು ಹುಡುಕಬೇಕಾಗಿಲ್ಲ. ಅಂದು ಆಕೆ ಹಾರೈಸಿದ್ದೇ ನಮ್ಮೆಲ್ಲರ ಹಾರೈಕೆ.

“ನಿನ್ನ ರಕ್ತದ ಗುರುತು ಸಿಕ್ಕೈತೆ ತಾಯಿ. ನಿನ್ನ ಕಾಯ್ದದ್ದು ಅದೇನಾ ಅಂತ ನಂಗಿನ್ನೂ ಗೊತ್ತಿಲ್ಲ” ಎಂದಿದ್ದರು ಮೇಷ್ಟ್ರು.

“ಹಂಗಾರೆ ಗೊತ್ತಾಗೋ ಗಂಟ ಬದುಕಿರ್ರಿ ಸಾರ್.”