ಆಂಜಿನಮ್ಮ ಓಡಿದ ಎಂಟುನೂರು ಮೀಟರು

ಎರಡನೆಯವಳಾಗಿ ಬಂದ ಹುಡುಗಿಗೆ ನ್ಯಾಯ ಸಲ್ಲಬೇಕು, ಸರಿ. ಹಾಗಾದರೆ ಮೊದಲು ಬಂದವಳು ಎಲ್ಲಿ ಓಡಬೇಕು? ಯಲ್ದೂರಿನ ಆಂಜಿನಮ್ಮನ ಬದುಕನ್ನು ಯಾವ ಕಡೆಯಿಂದ ನೋಡಿದರೂ ಈ ಪ್ರಶ್ನೆ ಅಡ್ಡ ನಿಲ್ಲುತ್ತದೆ.

ಅವಳ ತಾಯಿ ಭಾರತಮ್ಮನ ಮೂರು ಗಂಡುಕೂಸುಗಳು ತೊಟ್ಟಿಲಲ್ಲೇ ತೀರಿಹೋಗಿದ್ದವು. ೧೯೬೨ರಲ್ಲಿ ನಾಲ್ಕನೆಯ ಗಂಡು ಹುಟ್ಟಿದಾಗ ಮುಳಬಾಗಿಲಿನ ಆಂಜನೇಯನಿಗೆ ಹರಕೆ ಹೊತ್ತಳು: ಹನ್ನೆರಡು ತುಂಬುವವರೆಗೆ ಇದು ಹೆಣ್ಣು. ಗಂಡನ್ನು ಹುಡುಕಿಕೊಂಡು ಬರುವ ಸಾವು ಮೋಸಹೋಗಲಿ ಎಂದು ಕೂಸಿಗೆ ಮೂಗು ಚುಚ್ಚಿಸಿ, ಜಡೆ ಬೆಳೆಸಿ, ಲಂಗ ತೊಡಿಸಿ, ಆಂಜಿನಮ್ಮ ಎಂದು ಹೆಸರಿಟ್ಟರು. ಹರಕೆಯ ಮಗುವನ್ನು ಅವಧಿಗೆ ಮುಂಚೆ ಗಂಡೆಂದು ಬಾಯಿಬಿಟ್ಟು ಹೇಳುವಂತಿಲ್ಲ. ಆದ್ದರಿಂದ ಶಾಲೆಗೆ ಸೇರಿಸುವಾಗ ತಂದೆ ಸೊಣ್ಣಪ್ಪ ರಿಜಿಸ್ಟರಿನಲ್ಲಿಯೂ ಹೆಣ್ಣೆಂದೇ ಬರೆಸಿದ. ಹನ್ನೆರಡು ತುಂಬಿದಾಗ ಮುಳಬಾಗಿಲಿನಲ್ಲಿ ಮುಡಿ ಕೊಡಿಸಿ, ಅಂಗಿ ನಿಕ್ಕರು ತೊಡಿಸಿ, ಆಂಜಿನಪ್ಪ ಎಂದು ಕರೆದು ಊರಿಗೆ ಕರೆತಂದರು. ಮನೆ ಸೇರಿದ ಮಗು ಬೋಳುತಲೆಯಲ್ಲೇ ಲಂಗ ತೊಟ್ಟು ಬಿಂದಿಗೆ ಹಿಡಿದು ನೀರಿಗೆ ಹೊರಟಿತು.

"ಹರಕೆ ಮುಗೀತಲ್ಲೋ, ಇನ್ನೇನೋ ನಿಂದು?" ಎಂದಳು ಭಾರತಮ್ಮ.

"ಹರಕೆ ನಿಂದಮ್ಮ, ಮುಗಿಸ್ಕೊ. ನಾನಿರೋದೇ ಹಿಂಗೆ."

ಸೊಣ್ಣಪ್ಪ ಬಾರುಕೋಲು ಹಿಡಿದ. ಲಂಗಗಳನ್ನು ಒಲೆಗೆ ಹಾಕಿದ. ಅವಳು ತಾಯಿಯ ಹಳೆಯ ಸೀರೆಯನ್ನು ಸುತ್ತಿಕೊಂಡಳು. ಎರಡು ವರ್ಷಕ್ಕೆ ಅವನ ಕೈಯೇ ಸೋತಿತು. ರಿಜಿಸ್ಟರಿನ ಒಂದು ಪದವನ್ನು ತಿದ್ದಿಸಬೇಕೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಹೈಸ್ಕೂಲಿಗೂ ಅದೇ ಪದ ಹೋಯಿತು.

ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಕೊನೆಯ ಜ್ವರವೆದ್ದ, ಅಂದರೆ ಕೊನೆಯ ಸಲ ಪೊರೆ ಕಳಚಿ ಹಸಿದೆದ್ದ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಬಾಡುವ ಮುನ್ನ ಬಂದು ಬೀಳಬೇಕು. ಸೊಪ್ಪಿನ ಮೂಟೆ ಹೊತ್ತು ತೋಟದಿಂದ ಮನೆಗೆ ಓಡಿ ಓಡಿಯೇ ಅವಳ ಕಾಲು ಪಳಗಿತು ಎಂದು ವ್ಯಾಯಾಮದ ಮೇಷ್ಟ್ರು ಚನ್ನರಾಯಪ್ಪನವರು ನಂಬಿದ್ದರು. ಹದಿನೈದಕ್ಕೆ ಅವಳ ದನಿ ಒಡೆಯಿತು. ಅಂದಿನಿಂದ ಅವಳು ಮಾತು ಕಡಿಮೆ ಮಾಡಿದಳು. ವೇಗದಲ್ಲಿ ಸೊಪ್ಪಿನ ಪಾಲೆಷ್ಟು, ಒಡೆದ ದನಿಯ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಅವಳಿಂದಲೂ ಆಗುತ್ತಿರಲಿಲ್ಲ.

೧೯೭೮ರ ಜಿಲ್ಲಾ ಕ್ರೀಡಾಕೂಟ ಕೋಲಾರದಲ್ಲಿ ನಡೆಯಿತು. ಹುಡುಗಿಯರ ಎಂಟುನೂರು ಮೀಟರಿನಲ್ಲಿ ಗೆದ್ದವಳು ಒಬ್ಬಳೇ ರಾಜ್ಯಮಟ್ಟಕ್ಕೆ ಹೋಗಬೇಕು. ಆಂಜಿನಮ್ಮ ಮೂವತ್ತು ಮಾರು ಮುಂದಾಗಿ ಗೆರೆ ದಾಟಿದಳು. ಗುಂಪಿನಲ್ಲಿದ್ದ ಯಲ್ದೂರಿನವನೊಬ್ಬ ಕೂಗಿದ: "ಆಂಜಿನಪ್ಪೋ! ನಿಕ್ಕರ್ ಎಲ್ಲಿ ಬಿಟ್ ಬಂದ್ಯಲಾ?"

ಜನ ನಕ್ಕರು. ಎರಡನೆಯವಳಾಗಿ ಬಂದ ಮಾಲೂರಿನ ಫರೀದಾಳ ತಂದೆ ಜಾನ್ ಪಾಷಾ ನಗಲಿಲ್ಲ. ಸೀದಾ ತೀರ್ಪುಗಾರರ ಮೇಜಿನ ಬಳಿ ಹೋಗಿ ಕೇಳಿದರು: "ಸಾರ್, ಜನ ಹೇಳೋದು ನಿಜ ಆದ್ರೆ ನನ್ ಮಗಳು ಓಡಿದ್ದು ಯಾರ್ ಜೊತೆ?" ಮೇಜಿನವರು ತಮ್ಮತಮ್ಮಲ್ಲಿ ಮಾತಾಡಿಕೊಂಡು, ಆಂಜಿನಮ್ಮ ಎಂಟು ದಿನದೊಳಗೆ ತಾನು ಹೆಣ್ಣೆಂದು ಡಾಕ್ಟರ ಸರ್ಟಿಫಿಕೇಟು ತರಬೇಕು, ಇಲ್ಲವಾದರೆ ಫರೀದಾ ಹೋಗುತ್ತಾಳೆ ಎಂದರು.

ನಲ್ಲಿಯ ಹತ್ತಿರ ಫರೀದಾ ತಾನಾಗಿಯೇ ಬಂದಳು. "ನಿನ್ ಮೇಲೆ ಕೋಪ ಇಲ್ಲ ಕಣೇ ಅಂಜಿ. ಎರಡು ವರ್ಷ ರೈಲ್ವೆ ಲೈನ್ ಪಕ್ಕ ಓಡಿದೀನಿ. ಜನ ಏನೇನಂದ್ರು ಅಂತ ನಂಗೇ ಗೊತ್ತು. ಅದು ಲೆಕ್ಕಕ್ಕಿಲ್ವಾ?"

"ಇದೆ."

"ಮತ್ತೆ ನೀನೇ ಹೇಳು, ಇದು ಸರೀನಾ?"

ಆಂಜಿನಮ್ಮ ನಲ್ಲಿ ತಿರುಗಿಸಿ ಮುಖ ತೊಳೆದಳು. ಆಚೆ ಹುಡುಗರ ಎಂಟುನೂರು ಮೀಟರು ನಡೆಯುತ್ತಿತ್ತು. ಅದರಲ್ಲಿ ಕೊನೆಯವನಾಗಿ ಬಂದವನೂ ಅವಳಿಗಿಂತ ಬೇಗ ಗೆರೆ ಮುಟ್ಟಿದ್ದ.

ಊರಿಗೆ ಮರಳಿದರೆ ಸೊಣ್ಣಪ್ಪನ ಮುಖದಲ್ಲಿ ವರ್ಷಗಳ ನಂತರ ಗೆಲುವು ಕಾಣಿಸಿತು. "ಡಾಕ್ಟರು ಬರ್ದು ಕೊಡ್ಲಿ ಬಿಡು. ಸರ್ಕಾರದೋರೇ ಗಂಡು ಅಂದ್ಮೇಲೆ ನಿಂದೇನೈತೆ?"

ಐದನೆಯ ದಿನ ಚನ್ನರಾಯಪ್ಪನವರು ಮನೆಗೆ ಬಂದರು. ಹಿತ್ತಲಿನ ಸೊಪ್ಪಿನ ರಾಶಿಯ ಪಕ್ಕ ಕೂತು ದನಿ ತಗ್ಗಿಸಿದರು. "ನೋಡಮ್ಮ, ಆಸ್ಪತ್ರೆಗೆ ಹೋದ್ರೆ ಏನ್ ಬರೀತಾರೆ ಅಂತ ನಿಂಗೂ ಗೊತ್ತು, ನಂಗೂ ಗೊತ್ತು. ಆ ಕಾಗ್ದ ಬಂತು ಅಂದ್ರೆ ಎಸೆಸೆಲ್ಸಿ ಸರ್ಟಿಫಿಕೇಟಲ್ಲೂ ನೀನು ಆಂಜಿನಪ್ಪ. ಹೋಗ್ಲಿಲ್ಲ ಅಂದ್ರೆ ರಿಜಿಸ್ಟರ್ ಯಾರೂ ಮುಟ್ಟಲ್ಲ. ಹೆಡ್ ಮೇಷ್ಟ್ರು ಮಾತು ಕೊಟ್ಟವ್ರೆ. ಆದ್ರೆ ಇನ್ನು ಓಡೋ ಹಂಗಿಲ್ಲ. ಓಡಿದ್ರೆ ಮತ್ತೆ ಮಾತು ಏಳ್ತದೆ."

"ಎಲ್ಲೂನಾ ಸಾರ್?"

"ಎಲ್ಲೂ."

ಅವಳು ಬಹಳ ಹೊತ್ತು ಸೊಪ್ಪಿನ ಎಲೆಗಳನ್ನು ಒಂದೊಂದಾಗಿ ಕಿತ್ತು ಬುಟ್ಟಿಗೆ ಹಾಕಿದಳು. ಆಮೇಲೆ, "ಹೆಸರು ಇರ್ಲಿ ಸಾರ್" ಎಂದಳು.

ಹೆಸರು ಉಳಿಯಿತು. ಅದರೊಳಗೆ ಅವಳು ಹತ್ತು ವರ್ಷ ಹೊರಬರಲು ಬಾಗಿಲಿಲ್ಲದ ಕೋಣೆಯಲ್ಲಿದ್ದಂತೆ ಬದುಕಿದಳು. ಕೋಲಾರದ ಮಂಡಿಯಲ್ಲಿ ಟೊಮೇಟೊ ಆರಿಸುವ ಹೆಂಗಸರ ಸಾಲಿನಲ್ಲಿ ಕೂಲಿ ಸಿಕ್ಕಿತು. ಮದುವೆಯ ಮಾತೆತ್ತಿದವರಿಗೆ ಭಾರತಮ್ಮ ಏನೋ ಒಂದು ಕುಂಟುನೆಪ ಹೇಳುತ್ತಿದ್ದಳು. ಜೊತೆಯ ಹೆಂಗಸರಿಗೆ ಅವಳು ತಮಾಷೆಯ ವಸ್ತು. ಬಸ್ಸು ಕಣ್ಣೆದುರೇ ಹೊರಟರೂ ಇವಳು ಹೆಜ್ಜೆ ಚುರುಕು ಮಾಡುತ್ತಿರಲಿಲ್ಲ.

"ಓಡೇ ಮಾರಾಯ್ತಿ, ಕಂಡಕ್ಟರೇನು ನಿನ್ ಮಾವನಾ ಕಾಯಕ್ಕೆ?" ಎಂದು ಅವರು ಕಿಟಕಿಯಿಂದ ಕೂಗುತ್ತಿದ್ದರು. ಅವಳು ಕೈಬೀಸಿ, ಮುಂದಿನ ಬಸ್ಸಿಗೆ ಒಂದು ಗಂಟೆ ನಿಲ್ಲುತ್ತಿದ್ದಳು. ಕಾಲು ತುಡಿಯುವಾಗ ಬೆರಳುಗಳನ್ನು ಚಪ್ಪಲಿಯೊಳಗೆ ಮುದುರಿ ಹಿಡಿಯುತ್ತಿದ್ದಳೆಂದು ತಾಯಿಗೆ ಒಮ್ಮೆ ಹೇಳಿದ್ದುಂಟು.

೧೯೮೮ರ ಬೇಸಿಗೆಯಲ್ಲಿ ಕಾಮಾಲೆಯಿಂದ ಅವಳು ತೀರಿಕೊಂಡಳು. ಇಪ್ಪತ್ತಾರು ವರ್ಷ.

ಮರುವರ್ಷ ಬೆಂಗಳೂರಿನಲ್ಲಿ ಮೇಷ್ಟ್ರುಗಳ ಸಭೆಗೆ ಹೋಗಿದ್ದ ಚನ್ನರಾಯಪ್ಪನವರಿಗೆ ಎಪ್ಪತ್ತೆಂಟರ ರಾಜ್ಯಮಟ್ಟದ ಫಲಿತಾಂಶದ ಹಾಳೆ ಸಿಕ್ಕಿತು. ಫರೀದಾ ಮೊದಲ ಸುತ್ತಿನಲ್ಲೇ ಹೊರಬಿದ್ದಿದ್ದಳು. ಕೋಲಾರದಲ್ಲಿ ಆಂಜಿನಮ್ಮ ಓಡಿದ್ದು ಎರಡು ನಿಮಿಷ ಮೂವತ್ತನಾಲ್ಕು ಸೆಕೆಂಡಿನಲ್ಲಿ. ರಾಜ್ಯಮಟ್ಟದ ಅಂತಿಮ ಸುತ್ತಿನಲ್ಲಿ ಅದಕ್ಕಿಂತ ಬೇಗ ಓಡಿದ ಹುಡುಗಿಯರು ಐದು ಮಂದಿ ಇದ್ದರು.