ಪುಂಡಿಪಲ್ಯ ಮತ್ತು ನನ್ನ ದಾಕ್ಷಿಣ್ಯ

ಊಟ ಹೇಗಿದೆ ಎಂದು ಯಾರಾದರೂ ಕೇಳಿದರೆ ನನ್ನ ಬಾಯಿ ನಾಲಗೆಯನ್ನು ವಿಚಾರಿಸುವುದಿಲ್ಲ. ತಾನೇ ‘ಭಾಳ ಚಲೋ ಆಗೇತಿ’ ಎಂದುಬಿಡುತ್ತದೆ. ಇದನ್ನು ನಾನು ಸಭ್ಯತೆ ಎಂದೇ ತಿಳಿದಿದ್ದೆ. ನನ್ನ ಹೆಂಡತಿಗೆ ಆ ಭ್ರಮೆಯಿಲ್ಲ. ನಾನು ಹೊಗಳಿದ ಮೇಲೂ ಆಕೆ ತಾನೊಮ್ಮೆ ರುಚಿ ನೋಡಿ ಉಪ್ಪು ಹಾಕುತ್ತಾಳೆ.

ನಾರಾಯಣಗೂಡದಲ್ಲಿ ನಮ್ಮ ಆಫೀಸಿನ ಹಿಂದಿನ ಗಲ್ಲಿಯಲ್ಲಿ ಗುರಪ್ಪನವರ ಖಾನಾವಳಿ ಇತ್ತು. ಅವರು ಬಾಗಲಕೋಟೆ ಕಡೆಯವರು, ನಾನು ಗದಗಿನವನು. ಸರ್ಕಾರಿ ನೌಕರಿ ನನ್ನನ್ನು ಆಗಿನ ಆಂಧ್ರದ ರಾಜಧಾನಿಗೆ ತಂದು ಹಾಕಿದಂದಿನಿಂದ ಮಧ್ಯಾಹ್ನದ ರೊಟ್ಟಿ ಅಲ್ಲಿಯೇ. ಬೆಳಗಿನಿಂದ ತೆಲುಗು, ಹಿಂದಿಯಲ್ಲಿ ಫೈಲು ತಳ್ಳಿ ಬಂದವನಿಗೆ ‘ಬರ್ರಿ ದೇಸಾಯರ’ ಎಂಬ ಕರೆಗೇ ಅರ್ಧ ಹೊಟ್ಟೆ ತುಂಬುತ್ತಿತ್ತು. ಉಳಿದರ್ಧಕ್ಕೆ ಪುಂಡಿಪಲ್ಯ. ಆ ಸೊಪ್ಪಿನ ಹುಳಿಗೆ ಹಲ್ಲು ಚುಳ್ಳೆನ್ನುತ್ತಿತ್ತು. ಗುರಪ್ಪನವರು ‘ಹೆಂಗೈತ್ರಿ?’ ಎನ್ನುವರು, ನಾನು ‘ಭಾಳ ಚಲೋ’ ಎನ್ನುವೆ, ಅವರು ಖುಷಿಯಾಗಿ ಇನ್ನೊಂದು ಸೌಟು ಬಡಿಸುವರು.

ಮಂಡಿನೋವು ಹೆಚ್ಚಾಗಿ ಅವರು ಖಾನಾವಳಿಯನ್ನು ಗುಂಟೂರು ಕಡೆಯ ಸೀತಮ್ಮನವರಿಗೆ ಬಿಟ್ಟುಕೊಟ್ಟರು. ಅದೇ ಬೆಂಚು, ಅದೇ ತಟ್ಟೆ; ಪುಂಡಿಪಲ್ಯದ ಜಾಗದಲ್ಲಿ ಮಾತ್ರ ಗೋಂಗೂರ ಪಪ್ಪು ಎಂಬ ತೊವ್ವೆ. ಸಸ್ಯಶಾಸ್ತ್ರ ಬಲ್ಲವರು ನಮ್ಮ ಪುಂಡಿ, ಅವರ ಗೋಂಗೂರ ಎರಡೂ ದಾಸವಾಳದ ಬಳಗದ ಒಂದೇ ಸೊಪ್ಪು ಎನ್ನುತ್ತಾರೆ. ನಾಲಗೆ ಶಾಸ್ತ್ರ ಓದಿಲ್ಲ. ಹುಳಿ ಹದವಾಗಿ ಬೇಳೆಯಲ್ಲಿ ಬೆರೆತು, ಮೇಲೆ ಬೆಳ್ಳುಳ್ಳಿ ಒಗ್ಗರಣೆ ಬಿದ್ದಿತ್ತು. ಮತ್ತೆ ಮತ್ತೆ ಹಾಕಿಸಿಕೊಂಡೆ. ಆಮೇಲೆ ಕನ್ನಡಕ್ಕೇ ದ್ರೋಹ ಬಗೆದವನಂತೆ ಅಕ್ಕಪಕ್ಕ ನೋಡಿದೆ.

ಅದೇ ವಾರ ಹಿಮಾಯತ್‌ನಗರದ ಬಸ್ ಸ್ಟಾಪಿನಲ್ಲಿ ಗುರಪ್ಪನವರು ಸಿಕ್ಕರು.

“ಈಗ ಊಟ ಹೆಂಗೈತ್ರಿ ಅಲ್ಲೆ?” ಎಂದರು.

ಎದುರಿಗಿದ್ದವರನ್ನು ಸಂತೋಷಪಡಿಸುವುದು ನನ್ನ ಚಟ. “ಎಲ್ಲಿ ಊಟ ಬಿಡ್ರಿ. ನಿಮ್ಮ ಕೈರುಚಿ ಹೋತು. ಬಾಯಾಗ ಇಡಾಕ ಆಗಂಗಿಲ್ಲ” ಎಂದೆ.

ಅವರ ಮುಖ ಅರಳೀತೆಂದುಕೊಂಡಿದ್ದೆ. ಬಾಡಿತು. “ಪಾಪ, ಆ ತಾಯಿ ನನ್ನ ಮಾತ ನಂಬಿ ತಗೊಂಡಾರ್ರಿ. ಗಿರಾಕಿ ತಪ್ಪಿದರ ಹೆಂಗ?” ಎನ್ನುತ್ತ, ಬಂದ ಬಸ್ಸನ್ನೂ ಹತ್ತದೆ ಕುಂಟುತ್ತ ಹಿಂತಿರುಗಿದರು.

ಮರುದಿನ ಹೋದರೆ ಗುರಪ್ಪನವರು ಮಂಡಿಗೆ ಬಟ್ಟೆ ಸುತ್ತಿಕೊಂಡು ಒಲೆಯ ಮುಂದೆ ನಿಂತಿದ್ದಾರೆ. ಪಕ್ಕದಲ್ಲಿ ಸೀತಮ್ಮ ಶಾಲೆಯ ಹುಡುಗಿಯಂತೆ ಕೈಕಟ್ಟಿ ನೋಡುತ್ತಿದ್ದಾರೆ. ಅವರ ಕಣ್ಣುಗಳು ಕೆಂಪಾಗಿದ್ದವು, ಅದು ಒಗ್ಗರಣೆಯ ಘಾಟಿಗಲ್ಲ. ನನ್ನ ತಟ್ಟೆಗೆ ಮೊದಲಿನಂತೆಯೇ ಪುಂಡಿಪಲ್ಯ ಬಂತು.

“ಇಪ್ಪುಡು ಬಾಗುಂದಾಂಡಿ?” ಈಗ ಚೆನ್ನಾಗಿದೆಯೇ ಎಂದು ಸೀತಮ್ಮ ಅಂಜುತ್ತ ಕೇಳಿದರು.

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ‘ಚಲೋ’ ಎಂಬ ಮಾತು ನಾಲಗೆಯ ತುದಿಗೆ ಬಂತು, ತಡೆದೆ. ನಿಮ್ಮ ಪಪ್ಪು ತುಂಬ ರುಚಿಯಾಗಿತ್ತು, ನಾನು ಹೇಳಿದ್ದು ಸುಳ್ಳು ಎಂದು ಮೊದಲು ಅವರಿಗೆ ತೆಲುಗಿನಲ್ಲಿ, ಆಮೇಲೆ ಗುರಪ್ಪನವರಿಗೆ ಕನ್ನಡದಲ್ಲಿ ಹೇಳಿದೆ. ನಾಚಿಕೆ ಎರಡೂ ಭಾಷೆಯಲ್ಲಿ ಒಂದೇ ಆಗಿತ್ತು.

ಸೀತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ಗುರಪ್ಪನವರು ಸೌಟು ಕೆಳಗಿಟ್ಟರು. ಸಿಟ್ಟಾಗಲಿಲ್ಲ; ಸಿಟ್ಟಾಗಿದ್ದರೆ ಚೆನ್ನಾಗಿತ್ತು.

“ಹಂಗಾರ ಇಷ್ಟು ವರ್ಷ ನನಗ ಭಾಳ ಚಲೋ ಅಂತಿದ್ರಲ್ರಿ ದೇಸಾಯರ, ಅದು?”

ತಟ್ಟೆಗೆ ಬಗ್ಗಿ ಒಂದು ತುತ್ತು ತಿಂದೆ. ಹಲ್ಲು ಚುಳ್ಳೆಂದದ್ದು ನನ್ನ ಮುಖದಲ್ಲಿ ಅವರಿಗೆ ಕಂಡಿತು. ಮೆಲ್ಲಗೆ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

“ಹುಳಿ ಅಂತ ಒಂದ ಮಾತ ಹೇಳಿದ್ರ, ಒಂಚೂರು ಬೆಲ್ಲ ಹಾಕ್ತಿದ್ದೆನಲ್ರಿ.”

ಈಗಲೂ ಅಲ್ಲಿಯೇ ಉಣ್ಣುತ್ತೇನೆ. ಸೀತಮ್ಮ ಬಂದವರನ್ನೆಲ್ಲ ಊಟ ಹೇಗಿದೆ ಎಂದು ವಿಚಾರಿಸುತ್ತಾರೆ. ನನ್ನನ್ನು ಮಾತ್ರ ಕೇಳುವುದಿಲ್ಲ. ನಾನು ಎದ್ದ ಮೇಲೆ ತಟ್ಟೆ ನೋಡುತ್ತಾರೆ.